ಮೂಲೆಮನೆಯ ತಕರಾರು

ಫೇರ್‌ಹೋಮ್, ಒಹಾಯೊ
೧೭ ಸೆಪ್ಟೆಂಬರ್ ೧೯೭೨

ಸುಭದ್ರಕ್ಕನಿಗೆ ಭಾಗೀರಥಿಯ ಜೈಭೀಮ.

ಮೊದಲು ನಗುವ ಸುದ್ದಿ ಬರೆಯುತ್ತೇನೆ, ಆಮೇಲೆ ಎದೆ ಧಸಕ್ಕೆಂದ ಸುದ್ದಿ. ಹೋದ ವಾರ ದವಾಖಾನೆಯ ಕೆಲಸ ಮುಗಿಸಿ ಬಂದವಳು ಯಾರದೋ ಮನೆಗೆ ಹೋಗಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೋಫಾದ ಮೇಲೆ ಕೂತುಬಿಟ್ಟೆ. ಬಣ್ಣ ಬೇರೆ ಅನಿಸಿತು, ಮಾಲಕಿ ಹೊಸ ಹೊದಿಕೆ ಹಾಕಿರಬೇಕು ಅಂದುಕೊಂಡೆ. ಒಳಗಿನಿಂದ ಬನಿಯನ್ ತೊಟ್ಟ ಗಂಡಸೊಬ್ಬ ಬಂದು ನನ್ನನ್ನು ನೋಡಿ ಹಾರಿಬಿದ್ದ. ನಾನು "ಅವ್ವಾ" ಅಂತ ಕೂಗಿ ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ. ತಪ್ಪು ನನ್ನದಲ್ಲ. ಇಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನವು. ಅದೇ ಬಿಳಿ ಗೋಡೆ, ಅದೇ ಕಿಟಕಿ, ಅದೇ ಮುಂದಿನ ಹುಲ್ಲು, ಬಾಗಿಲಿಗೆ ಬೀಗವೂ ಇಲ್ಲ.

ನಾನಿರುವ ಮನೆಯ ಮಾಲಕಿ ಮಿಸೆಸ್ ಹಾಲ್ಡನ್ ಎಂಬ ಮುದುಕಿ. ಗಂಡ ತೀರಿಕೊಂಡಿದ್ದಾನೆ. ಬೀದರಿನಲ್ಲಿ ನನಗೆ ನರ್ಸಿಂಗ್ ಪಾಠ ಹೇಳಿದ ಡಾಕ್ಟರಮ್ಮ ಇವಳ ಇಗರ್ಜಿಯವರಿಗೆ ಬರೆದು ನನಗೆ ಕೋಣೆ ಕೊಡಿಸಿದರು. ಮುದುಕಿ ಒಳ್ಳೆಯವಳು, ಆದರೆ ಬಾಯಿ ಮುಚ್ಚುವುದಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಇಲ್ಲಿ ಎಲೆಕೋಸಿನ ಹೊಲಗಳೂ ಒಂದು ರೈಲು ಸ್ಟೇಷನ್ನೂ ಬಿಟ್ಟರೆ ಏನೂ ಇರಲಿಲ್ಲವಂತೆ. ದೊಡ್ಡ ಯುದ್ಧ ಮುಗಿದು ಸಿಪಾಯಿಗಳು ಹಿಂದಿರುಗಿ ಮದುವೆಯಾದರು, ಇರಲು ಮನೆ ಸಾಲಲಿಲ್ಲ. ಒಬ್ಬ ಗುತ್ತೇದಾರ ಹೊಲಗಳನ್ನೆಲ್ಲ ಕೊಂಡು, ಭಾಲ್ಕಿಯಲ್ಲಿ ಇಟ್ಟಂಗಿ ಹಾಕುವ ಹಾಗೆ, ಸಾಲುಸಾಲು ಮನೆ ಎಬ್ಬಿಸಿದ. ಈಗ ಇದು ದೊಡ್ಡ ಪೇಟೆ. ಶಾಲೆ ಇದೆ, ಬ್ಯಾಂಕಿದೆ, ಕೆರೆಯಷ್ಟು ದೊಡ್ಡ ಅಂಗಡಿಯಿದೆ. ಆದರೆ ಬೀದಿಯಲ್ಲಿ ನಡೆಯುವವಳು ನಾನೊಬ್ಬಳೇ. ಎಲ್ಲರಿಗೂ ಕಾರು. ಒಂದು ದಿನ ಪೊಲೀಸನೊಬ್ಬ ಗಾಡಿ ನಿಲ್ಲಿಸಿ, ದಾರಿ ತಪ್ಪಿದೆಯಾ ಅಂತ ಕೇಳಿದ.

ಬೆಳಿಗ್ಗೆ ಎದ್ದು ಇವರು ಹುಲ್ಲಿಗೆ ನೀರು ಬಿಡುತ್ತಾರೆ. ಹೌದು, ಹುಲ್ಲಿಗೆ. ಎಮ್ಮೆ ಇಲ್ಲ, ಆಕಳಿಲ್ಲ. ಶನಿವಾರ ಅದೇ ಹುಲ್ಲನ್ನು ಯಂತ್ರದಿಂದ ಕತ್ತರಿಸಿ ಚೀಲದಲ್ಲಿ ತುಂಬಿ ಕಸಕ್ಕೆ ಹಾಕುತ್ತಾರೆ. ಸಂಜೆ ಆರಕ್ಕೆ ನಗರಸಭೆಯ ಮೇಲಿನಿಂದ ಸೈರನ್ನಿನ ಭೋಂಗಾ ಊದುತ್ತದೆ. ಬೀದರಿನಲ್ಲಿ ರಮಜಾನಿನ ಸಂಜೆ ರೋಜಾ ಬಿಡಲು ಊದುವುದಿಲ್ಲವೇ, ಥೇಟ್ ಹಾಗೆ. ಅದನ್ನು ಕೇಳಿದರೆ ನನಗೆ ಖರ್ಜೂರದ ನೆನಪಾಗಿ ಬಾಯಲ್ಲಿ ನೀರು ಬರುತ್ತದೆ. ಕೆಲಸಗಾರರಿಗೆ ಸೂಟಿ ಹೇಳುವ ಭೋಂಗಾ ಇರಬೇಕು.

ಈಗ ಎದೆ ಧಸಕ್ಕೆಂದ ಸುದ್ದಿ. ಮೊದಲ ದಿನ ಬೆಳಿಗ್ಗೆ ಚಹಾ ಮಾಡಿಕೊಳ್ಳಲು ಅಡುಗೆಮನೆಗೆ ಹೋದೆ. ಮೇಲಿನ ಕಪಾಟಿನಲ್ಲಿ ಹೂವಿನ ಚಿತ್ತಾರದ ಕಪ್ಪುಗಳು ಸಾಲಾಗಿದ್ದವು. ಕೆಳಗೆ, ಸಿಂಕಿನ ಅಡಿಯಲ್ಲಿ, ಸಾಬೂನು ಪುಡಿಯ ಡಬ್ಬಿಯ ಪಕ್ಕ, ಅಂಚು ಒಡೆದ ಒಂದು ಕಪ್ಪು, ಒಂದು ತಾಟು, ಒಂದು ಚಮಚ ಇದ್ದವು. ನೋಡಿದ ಕೂಡಲೇ ತಿಳಿಯಿತು. ನಮ್ಮ ಕಡೆ ಚಹಾದಂಗಡಿಯ ಹೊರಗೋಡೆಯ ಗೂಡಿನಲ್ಲಿ ನಮಗೆಂದೇ ಇಟ್ಟಿರುತ್ತಾರಲ್ಲ, ಅದೇ. ಅಬ್ಬಾ, ಇಲ್ಲಿಯವರೆಗೂ ನನ್ನ ವರ್ತಮಾನ ಬಂದಿದೆಯಲ್ಲ ಅಂದುಕೊಂಡೆ. ಯಾರನ್ನೂ ಕೇಳದೆ ಅದನ್ನೇ ತೆಗೆದುಕೊಂಡು ಕುಡಿದೆ, ತೊಳೆದೆ, ಅಲ್ಲೇ ಬೋರಲು ಹಾಕಿದೆ.

ಅಷ್ಟರಲ್ಲಿ ಮುದುಕಿ ಬಂದಳು, ನೋಡಿದಳು, ಚೀರಿದಳು. ಅವಳ ಇಂಗ್ಲಿಷನ್ನು ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತೇನೆ, ಇಲ್ಲದಿದ್ದರೆ ನನಗೇ ಬರೆಯಲು ಬರುವುದಿಲ್ಲ. "ಅಯ್ಯಯ್ಯ, ಅದ್ಯಾಕ ತಗೊಂಡಿ ಮಗಳ? ಅದು ನಿಂದಲ್ಲ, ಬೆಸ್ಸೀದು!" ಬೆಸ್ಸಿ ಎಂದರೆ ಗುರುವಾರ ಕಸ ಗುಡಿಸಲು ಬರುವ ಕಪ್ಪು ಹೆಂಗಸು. ಮುದುಕಿ ನನ್ನನ್ನು ಸಿಂಕಿನ ಮುಂದೆ ನಿಲ್ಲಿಸಿ ಬಾಯಿ ಮುಕ್ಕಳಿಸಲು ಹಚ್ಚಿದಳು. ಆಮೇಲೆ ಹೂವಿನ ಕಪ್ಪಿನಲ್ಲಿ ತಾನೇ ಚಹಾ ಹಾಕಿಕೊಟ್ಟಳು.

ಗಾಬರಿಯಾಯಿತು, ಅಕ್ಕಾ. ಇಷ್ಟು ದೂರ ಸಮುದ್ರ ದಾಟಿ ಬಂದು ಮೊದಲು ಕಂಡದ್ದು ಇದೇನಾ ಅಂತ. ಇನ್ನೊಂದು ಮಾತನ್ನು ನಿನಗಲ್ಲದೆ ಯಾರಿಗೆ ಬರೆಯಲಿ: ಆ ಹೂವಿನ ಕಪ್ಪು ಬಹಳ ಚೆಂದವಿತ್ತು.

ನಿನ್ನ ಭಾಗೀರಥಿ


ಔರಾದ ತಾಲೂಕಿನಿಂದ
೨೨ ಅಕ್ಟೋಬರ್ ೧೯೭೨

ಭಾಗೀರಥಿ,

ನಾವೆಲ್ಲ ಕ್ಷೇಮ ಅಂತ ಮೊದಲು ಬರೆಯುವುದು ವಾಡಿಕೆ. ಸುಳ್ಳು ಬರೆಯಲು ಈ ಕಾಗದದಲ್ಲಿ ಜಾಗ ಸಾಲದು. ಮಳೆಯಿಲ್ಲದೆ ಹೆಸರು ಹೋಯಿತು, ಉದ್ದು ಹೋಯಿತು, ಜೋಳ ಗೇಣುದ್ದ ಬೆಳೆದು ನಿಂತಲ್ಲೇ ಸುಟ್ಟಿತು. ಊರಿನ ಅರ್ಧ ಜನ ಭಾಲ್ಕಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋದರು. ನಿನ್ನ ಭಾವ ಮಾಣಿಕನೂ ಹೋಗಿದ್ದಾನೆ, ಅಲ್ಲಿ ಕಟ್ಟಡದ ಕೆಲಸವಂತೆ. ನಾನು ಔರಾದ ರಸ್ತೆಯ ಬರಗಾಲದ ಕಾಮಗಾರಿಯಲ್ಲಿ ಖಡಿಕಲ್ಲು ಒಡೆಯುತ್ತೇನೆ. ಏಳನೆಯ ಇಯತ್ತೆ ಕಲಿತವಳು ಅಂತ ಮುಕಾದಮ ನನಗೆ ಸಣ್ಣ ಸುತ್ತಿಗೆ ಕೊಟ್ಟಿದ್ದಾನೆ, ಅಷ್ಟೇ ಮರ್ಯಾದೆ.

ನಮ್ಮ ಕೇರಿಯವರು ಹಳ್ಳದಲ್ಲಿ ವರತಿ ತೋಡಿ ನೀರು ತರುತ್ತೇವೆ. ಅದು ಬತ್ತಿದ ದಿನ ಊರ ದೊಡ್ಡ ಬಾವಿಯ ಹತ್ತಿರ ಕೊಡ ಇಟ್ಟು ದೂರ ನಿಲ್ಲಬೇಕು. ಊರೊಳಗಿನ ಈರಮ್ಮನಿಗೆ ಮನಸ್ಸು ಬಂದರೆ ಮೇಲಿನಿಂದ ಸುರಿಯುತ್ತಾಳೆ. ಮೊನ್ನೆ "ಸುಭದ್ರಾ, ನಿಮ್ಮ ತಂಗಿ ವಿಮಾನದಾಗ ಹೋದಳಂತ, ಖರೇನ?" ಅಂತ ಕೇಳಿದಳು. "ಖರೇರಿ, ವಿಮಾನದಾಗ ನೀರೂ ಕೊಟ್ಟರಂತ, ಕೈಯಾಗ," ಅಂದೆ. ಅರ್ಧ ಕೊಡಕ್ಕೇ ಸುರಿಯುವುದು ನಿಲ್ಲಿಸಿದಳು. ನನ್ನ ನಾಲಿಗೆಗೆ ಬೆಂಕಿ ಹಾಕ.

ಹುಲ್ಲಿಗೆ ನೀರು ಬಿಡುವ ಸುದ್ದಿ ಇನ್ನೊಮ್ಮೆ ಬರೆಯಬೇಡ. ಓದಿ ಮೈ ಉರಿಯಿತು. ಮಕ್ಕಳಿಗೆ ಓದಿ ಹೇಳಲಿಲ್ಲ.

ಬೆಸ್ಸಿಯ ಕಪ್ಪಿನಲ್ಲಿ ಕುಡಿದದ್ದರಲ್ಲಿ ತಪ್ಪೇನಿಲ್ಲ. ಬಾಯಿ ಯಾಕೆ ಮುಕ್ಕಳಿಸಿದೆ? ಹೋಗಲಿ ಬಿಡು, ಹೊಸ ಊರು, ಹೆದರಿರುತ್ತೀ. ಈಗ ಯಾವ ಕಪ್ಪಿನಲ್ಲಿ ಕುಡಿಯುತ್ತೀ, ಅದನ್ನು ಬರೆ.

ಸುಭದ್ರಾ


ಫೇರ್‌ಹೋಮ್
೧೪ ಜನವರಿ ೧೯೭೩

ಪ್ರೀತಿಯ ಅಕ್ಕ,

ಹೂವಿನ ಕಪ್ಪಿನಲ್ಲೇ ಕುಡಿಯುತ್ತೇನೆ. ಸಿಟ್ಟಾಗಬೇಡ, ಮುಂದೆ ಓದು.

ಡೊರೊತಿಯ ಬಗ್ಗೆ ನಿನಗೆ ಹೇಳಿಲ್ಲ. ನಮ್ಮ ವಾರ್ಡಿನ ಹಿರಿಯ ನರ್ಸು. ಕಪ್ಪು ಹೆಂಗಸು, ನಿನ್ನ ವಯಸ್ಸು, ನಿನ್ನದೇ ಬಾಯಿ. ಇಲ್ಲಿಯ ಯಂತ್ರಗಳನ್ನು ನೋಡಿ ನಾನು ಕೈಕಾಲು ಬಿಟ್ಟಿದ್ದಾಗ ಒಂದೊಂದನ್ನೂ ಕೈ ಹಿಡಿದು ಕಲಿಸಿದವಳು ಅವಳು. ನನ್ನ ಹೆಸರು ಅವಳ ಬಾಯಲ್ಲಿ ಹೊರಳುವುದಿಲ್ಲ, "ಭಾಗೀ" ಅನ್ನುತ್ತಾಳೆ. ಮೊದಲ ಹಿಮ ಬಿದ್ದ ದಿನ ನಾನು ಶಾಲು ಹೊದ್ದು ಬಂದದ್ದನ್ನು ನೋಡಿ ತನ್ನ ಹಳೆಯ ಕೋಟು ತಂದುಕೊಟ್ಟು, "ಇದನ್ನ ಹಾಕ್ಕೋ, ಇಲ್ಲಂದ್ರ ನಿನ್ನ ಹೆಣ ಹೊರೋ ಕೆಲಸಾನೂ ನನಗ ಬರ್ತದ," ಅಂದಳು. ದಿನಾ ದೊಡ್ಡ ಶಹರದಿಂದ ಕಾರು ಹೊಡೆದುಕೊಂಡು ಬರುತ್ತಾಳೆ, ಸಂಜೆ ನನ್ನನ್ನು ಮನೆಯ ತನಕ ಬಿಟ್ಟು ಹೋಗುತ್ತಾಳೆ.

ಡಿಸೆಂಬರಿನ ಒಂದು ಸಂಜೆ ಕಾರಿನಲ್ಲಿದ್ದಾಗ ಭೋಂಗಾ ಊದಿತು. ನಾನು ನಗುತ್ತಾ ರೋಜಾ, ಖರ್ಜೂರ ಅಂತ ನಮ್ಮ ಬೀದರಿನ ಕತೆ ಹೇಳತೊಡಗಿದೆ. ಡೊರೊತಿ ಕಾರನ್ನು ಬದಿಗೆ ನಿಲ್ಲಿಸಿದಳು. "ಭಾಗೀ, ಇದು ಊಟಕ್ಕ ಕರಿಯೋ ಭೋಂಗಾ ಅಲ್ಲ. ನಮ್ಮನ್ನ ಓಡಿಸೋ ಭೋಂಗಾ," ಅಂದಳು. ಕತ್ತಲಾದ ಮೇಲೆ ಕಪ್ಪು ಜನ ಈ ಊರಿನಲ್ಲಿ ಇರಬಾರದು ಎಂಬ ಕಟ್ಟಳೆ ಇತ್ತಂತೆ. ಅವಳ ಅಪ್ಪ ಗೌಂಡಿ. ಈ ಒಂದೇ ಅಚ್ಚಿನ ಮನೆಗಳ ಗೋಡೆ ಕಟ್ಟಿದವರಲ್ಲಿ ಅವನೂ ಒಬ್ಬ. ಭೋಂಗಾ ಊದಿದ ಕೂಡಲೇ ಕರಣೆ ಕೆಳಗಿಟ್ಟು ರೈಲಿನ ಕಡೆ ಓಡಬೇಕು. ಒಂದು ಸಂಜೆ ಕಾಲು ಉಳುಕಿ ಹಿಂದೆ ಬಿದ್ದ. ಪಟ್ಟಣದ ಹುಡುಗರು ಅವನನ್ನು ಹಳಿಯ ಪಕ್ಕ ಹಾಕಿ ಹೊಡೆದರು. ಎಡಗಣ್ಣು ಹೋಯಿತು. ಈಗ ಕಟ್ಟಳೆ ಇಲ್ಲ. ಭೋಂಗಾ ಮಾತ್ರ ಬಿಟ್ಟಿಲ್ಲ.

ನಾನು ಮೂರು ತಿಂಗಳು ಆ ಸದ್ದು ಕೇಳಿ ಬಾಯಲ್ಲಿ ನೀರೂರಿಸಿಕೊಂಡಿದ್ದೆ. ಅಂದು ರಾತ್ರಿ ಊಟ ಸೇರಲಿಲ್ಲ. ಮುದುಕಿಯನ್ನು ಕೇಳಿದರೆ, "ಹಳೇ ರೂಢಿ ಮಗಳ, ನಮಗ ಗಡಿಯಾರ ಇದ್ದಂಗ," ಅಂದಳು.

ಇನ್ನೊಂದನ್ನು ಬರೆಯದೆ ಇರಲಾರೆ. ಕ್ರಿಸ್ಮಸ್ಸಿಗೆ ಇಗರ್ಜಿಯ ಹೆಂಗಸರು ಮನೆಗೆ ಬಂದಿದ್ದರು. ನಾನು ಖಾರದ ಝುಣಕಾ ಮಾಡಿ ಬಡಿಸುತ್ತಿದ್ದೆ, ಕಣ್ಣಲ್ಲಿ ನೀರು ಸುರಿಸುತ್ತಾ ಹೊಗಳುತ್ತಾ ತಿಂದರು. ಒಬ್ಬಳು ಕೇಳಿದಳು, "ನಿಮ್ಮ ದೇಶದಾಗ ಮುಟ್ಟಬಾರದ ಮಂದಿ ಅಂತ ಇರ್ತಾರಂತಲ್ಲ, ಪಾಪ. ನೀ ನೋಡಿದ್ದೇನು?" ಮಿಸೆಸ್ ಹಾಲ್ಡನ್ ನನ್ನ ಬದಲು ಉತ್ತರ ಕೊಟ್ಟಳು: "ಈಕಿ ಎಲ್ಲಿ ನೋಡ್ಯಾಳು? ಈಕಿ ಖಾನದಾನಿ ಹುಡುಗಿ, ನಡಿಗಿ ನೋಡಿದರೇ ತಿಳೀತದ."

ನಾನು, "ನೋಡೀನ್ರಿ," ಅಂದೆ. ಅಷ್ಟೇ ಅಂದು ಇನ್ನೊಂದು ಚಮಚ ಝುಣಕಾ ಬಡಿಸಿದೆ.

ಹೊಸ ಸುದ್ದಿ: ನಮ್ಮ ಬೀದಿಯ ಮೂಲೆಮನೆಯ ಕೀಟಿಂಗ್ ಅಜ್ಜ ಮನೆ ಮಾರುತ್ತಾನೆ. ಡೊರೊತಿ ಕೇಳಿದ್ದಾಳೆ, ಅವನು ಒಪ್ಪಿದ್ದಾನೆ. ಅಪ್ಪ ಕಟ್ಟಿದ ಮನೆಗಳಲ್ಲಿ ಒಂದರಲ್ಲಾದರೂ ಮಕ್ಕಳನ್ನು ಮಲಗಿಸಬೇಕು ಅಂತ ಅವಳ ಹಟ.

ನಿನ್ನ ಭಾಗೀರಥಿ


ಔರಾದ ತಾಲೂಕಿನಿಂದ
೨೦ ಫೆಬ್ರವರಿ ೧೯೭೩

ಭಾಗೀರಥಿ,

ನೋಡಿದ್ದೇನೆ ಅಂದೆಯಾ? ಎಲ್ಲಿ ನೋಡಿದೆ, ಕನ್ನಡಿಯಲ್ಲಾ?

ನಿನ್ನ ಪತ್ರ ಓದಿ ಖಡಿಯ ರಾಶಿಯ ಮೇಲೆ ಹಾಗೇ ಕೂತುಬಿಟ್ಟೆ. ಮುಕಾದಮ ಲಾಲ ಅಹ್ಮದ, "ಏನಾತು ಬಾಯಿ, ಯಾರರ ಸತ್ತರೇನು?" ಅಂದ. "ಇಲ್ರಿ, ನನ್ನ ತಂಗಿ ಖಾನದಾನಿ ಆಗ್ಯಾಳ," ಅಂದೆ. ಪಾಪ, ಅವನು ಮುಬಾರಕ್ ಅಂದ.

ನಿನ್ನನ್ನು ಸಾಲಿಗೆ ಕಳಿಸಲು ಅಪ್ಪ ಹೇಗೆ ಜಗಳಾಡಿದ ಗೊತ್ತಲ್ಲ. ನೀನು ಒಳಗೆ ಕೂರಬೇಕು ಅಂತ ಅವನು ಹೊರಗೆ ನಿಂತು ಹೊಡೆತ ತಿಂದ. ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ಭಾಲ್ಕಿಯ ನಮ್ಮ ಮನೆಯ ಮುಂದೆ ನಿಂತು, ಇನ್ನು ಮೇಲೆ ನನ್ನ ಮಕ್ಕಳು ಯಾರ ಮುಂದೂ ತಮ್ಮನ್ನು ಮುಚ್ಚಿಡುವುದಿಲ್ಲ ಅಂತ ಇಡೀ ಓಣಿಗೆ ಕೇಳುವಂತೆ ಹೇಳಿದ. ನೀನು ಮುಚ್ಚಿಟ್ಟೆ. ಅದೂ ಒಂದು ಚಮಚ ಝುಣಕಾದಿಂದ.

ಆ ಡೊರೊತಿಗೆ ಗೊತ್ತೇ ನೀನು ಯಾರು ಅಂತ? ಅವಳಿಗಾದರೂ ಹೇಳಿದ್ದೀಯಾ? ಉತ್ತರ ಬರುವ ತನಕ ನಾನು ಬರೆಯುವುದಿಲ್ಲ.

ಸು.


ಫೇರ್‌ಹೋಮ್
೮ ಏಪ್ರಿಲ್ ೧೯೭೩

ಅಕ್ಕಾ,

ನಿನ್ನ ಪತ್ರವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಎಷ್ಟೋ ದಿನ ಕಳೆದೆ. ಬೈದದ್ದು ಕಡಿಮೆಯೇ ಆಯಿತು. ಡೊರೊತಿಗೆ ಹೇಳಿದೆ. ಊಟದ ಹೊತ್ತಿನಲ್ಲಿ, ಡಬ್ಬಿ ಬಿಚ್ಚುತ್ತಾ, ಎಲ್ಲವನ್ನೂ. ಬಾವಿ, ಚಹಾದಂಗಡಿ, ಅಪ್ಪ. ಬೆಸ್ಸಿಯ ಕಪ್ಪು ತೆಗೆದುಕೊಂಡದ್ದನ್ನೂ ಹೇಳಿದೆ. ಅವಳು ನನ್ನ ಡಬ್ಬಿಯಿಂದ ರೊಟ್ಟಿ ಹರಿದುಕೊಂಡು ಬಾಯಿಗಿಟ್ಟಳು. "ಖಾರ ಇಷ್ಟ್ಯಾಕ ಹಾಕ್ತಿ?" ಅಂದಳು. ನನಗೆ ಅಳು ಬಂತು, ಅಕ್ಕ.

ಆದರೆ ಈಗ ದೊಡ್ಡ ತಕರಾರು ಎದ್ದಿದೆ. ಮೂಲೆಮನೆಯನ್ನು ಕಪ್ಪು ಕುಟುಂಬಕ್ಕೆ ಮಾರುತ್ತಾರಂತೆ ಎಂಬ ಸುದ್ದಿ ಬೀದಿಯೆಲ್ಲ ಹರಡಿದೆ. ದಿನಾ ನಕ್ಕು ಮಾತಾಡಿಸುತ್ತಿದ್ದ ಜನ ಕಾಯಿಲೆ ಬಂದವರ ಹಾಗೆ ಓಡಾಡುತ್ತಿದ್ದಾರೆ. ಒಬ್ಬ ಬಂದರೆ ಎಲ್ಲರೂ ಬರುತ್ತಾರೆ, ನಮ್ಮ ಮನೆಗಳ ಬೆಲೆ ಬಿದ್ದುಹೋಗುತ್ತದೆ ಅನ್ನುತ್ತಾರೆ. ಕೀಟಿಂಗ್ ಅಜ್ಜನ ಕಿಟಕಿಗೆ ಯಾರೋ ಕಲ್ಲು ಹೊಡೆದರು. ಅಜ್ಜ, ಬೀದಿಯವರೆಲ್ಲ ಸೇರಿ ಬೇಡವೆಂದರೆ ನಾನು ಮಾರುವುದಿಲ್ಲ, ಬೇಕೆಂದು ನಾಲ್ಕು ಜನ ಹೇಳಿದರೂ ಮಾರುತ್ತೇನೆ ಎಂದಿದ್ದಾನೆ. ಮುಂದಿನ ವಾರದ ಕೊನೆಗೆ ಇಗರ್ಜಿಯಲ್ಲಿ ಸಭೆ.

ಮಿಸೆಸ್ ಹಾಲ್ಡನ್ ನಿನ್ನೆ ನನ್ನ ಕೈ ಹಿಡಿದುಕೊಂಡು, "ಭಾಗೀ, ನೀ ಸೀರಿ ಉಟ್ಕೊಂಡು ಸಭಾಕ್ಕ ಬಾ. ನಿನ್ನನ್ನ ನಾವು ಹ್ಯಾಂಗ ನೋಡ್ಕೊಂಡೇವಿ ಹೇಳು. ನಮಗ ಬಣ್ಣದ ಮಂದಿ ಮ್ಯಾಲ ದ್ವೇಷ ಇಲ್ಲಂತ ತಿಳೀಲಿ," ಅಂದಳು. ಡೊರೊತಿಗೆ ಬಾಗಿಲು ಹಾಕಲು ಅಗಳಿ ನಾನಾಗಬೇಕಂತೆ!

ನಾನು ಹೋಗುತ್ತೇನೆ. ಹೋಗಿ, ನಾನು ಯಾರು ಅಂತ ಹೇಳುತ್ತೇನೆ. ಆಮೇಲೆ, ಡೊರೊತಿಗೆ ಮನೆ ಕೊಡಿರಿ, ನನ್ನನ್ನು ಇಟ್ಟುಕೊಂಡವರು ಅವಳನ್ನು ಯಾಕೆ ಬೇಡವೆನ್ನುತ್ತೀರಿ ಅಂತ ಕೇಳುತ್ತೇನೆ. ಡೊರೊತಿಗೂ ಹಾಗೆಂದು ಮಾತು ಕೊಟ್ಟಿದ್ದೇನೆ. ಈ ಕೋಣೆ ಹೋಗುತ್ತದೆ. ಕಾರಿಲ್ಲದವಳಿಗೆ ದವಾಖಾನೆಯ ಹತ್ತಿರ ಬೇರೆ ಕೋಣೆ ಸಿಗುವುದೂ ಅನುಮಾನ. ಹೋದರೆ ಹೋಗಲಿ. ಹೆದರಿಕೆಯಾಗುತ್ತಿದೆ, ಆದರೂ ಹೇಳುತ್ತೇನೆ.

ಭಾಗೀರಥಿ


ಫೇರ್‌ಹೋಮ್
೬ ಮೇ ೧೯೭೩

ಅಕ್ಕನಿಗೆ,

ಸಭೆ ಮುಗಿದು ಇಷ್ಟು ದಿನವಾದರೂ ನನಗೆ ತಿಳಿಯುತ್ತಿಲ್ಲ, ಅಲ್ಲಿ ಏನಾಯಿತು ಅಂತ.

ಇಗರ್ಜಿಯ ಕೆಳಗಿನ ಹಾಲ್ ಕಿಕ್ಕಿರಿದಿತ್ತು. ಎಲ್ಲರೂ ನನಗೆ ಗೊತ್ತಿದ್ದವರೇ, ಬನಿಯನ್ ಗಂಡಸೂ ಇದ್ದ. ಡೊರೊತಿ ಬರುವುದಿಲ್ಲ ಎಂದುಕೊಂಡಿದ್ದೆ, ಬಂದು ಹಿಂದಿನ ಬಾಗಿಲಲ್ಲಿ ನಿಂತಿದ್ದಳು. ಮಿಸೆಸ್ ಹಾಲ್ಡನ್ ನನ್ನನ್ನು ಮುಂದೆ ಕರೆದೊಯ್ದು, ಇವಳು ನನ್ನ ಮಗಳಿದ್ದ ಹಾಗೆ ಎಂದು ಪರಿಚಯ ಮಾಡಿಸಿದಳು.

ನಾನು ಹೇಳಿದೆ. "ನೀವು ಕೇಳಿದ್ದಿರಿ, ಮುಟ್ಟಬಾರದವರನ್ನು ನೋಡಿದ್ದೀಯಾ ಅಂತ. ನಾನೇ ಅವಳು. ನಮ್ಮೂರಿನ ಬಾವಿಯನ್ನು ನಾನು ಮುಟ್ಟುವ ಹಾಗಿಲ್ಲ. ನಮ್ಮಪ್ಪ ಸತ್ತ ಆಕಳು ಹೊತ್ತವನು. ನಾನು ಇಷ್ಟು ದಿನ ನಿಮ್ಮ ಕಪ್ಪಿನಲ್ಲಿ ಕುಡಿದಿದ್ದೇನೆ, ನನ್ನ ಕೈಯಡುಗೆ ನೀವು ಉಂಡಿದ್ದೀರಿ," ಅಂದೆ.

ಈಗ ಎದ್ದು ಬೈಯುತ್ತಾರೆ, ಹೊರಗೆ ಹಾಕುತ್ತಾರೆ ಅಂತ ಕಾದೆ. ಮುಂದಿನ ಸಾಲಿನ ಒಬ್ಬ ಚಪ್ಪಾಳೆ ತಟ್ಟಿದ. ಅವನ ಹೆಂಡತಿ ತಟ್ಟಿದಳು. ಆಮೇಲೆ ಇಡೀ ಹಾಲ್ ಎದ್ದು ನಿಂತು ತಟ್ಟಿತು. ಎಷ್ಟೋ ಜನ ಕಣ್ಣೊರೆಸಿಕೊಂಡರು. ಮಿಸೆಸ್ ಹಾಲ್ಡನ್ ಬಿಕ್ಕಿಬಿಕ್ಕಿ ಅಳುತ್ತಾ ನನ್ನನ್ನು ಅಪ್ಪಿಕೊಂಡಳು. ನನ್ನ ಮಾತು ಅಲ್ಲಿಗೆ ನಿಂತಿತು.

ಸಭೆ ನಡೆಸುತ್ತಿದ್ದವನು ಕೈ ಎತ್ತಿ ಎಲ್ಲರನ್ನೂ ಕೂರಿಸಿ ಹೇಳಿದ: "ನೋಡಿದಿರೇನು? ತನ್ನ ದೇಶದಾಗ ಯಾರೂ ಮುಟ್ಟದಾಕೀನ ನಾವು ಮನಿಯೊಳಗ ಇಟ್ಕೊಂಡೇವಿ. ಇನ್ನ ನಮಗ ಮನುಷ್ಯಾರಂದ್ರ ಭೇದ ಅದ ಅಂತ ಯಾರು ಅಂತಾರ? ಆತು, ಈಗ ಮೂಲಿಮನಿ ವಿಷಯಕ್ಕ ಬರೋಣ." ಮೂಲೆಮನೆಯನ್ನು ಕಪ್ಪು ಕುಟುಂಬಕ್ಕೆ ಮಾರುವುದು ಬೇಡ ಎನ್ನುವವರು ಕೈ ಎತ್ತಿ ಅಂದ. ಚಪ್ಪಾಳೆ ತಟ್ಟಿದ ಕೈಗಳೇ ಎದ್ದವು. ಮಿಸೆಸ್ ಹಾಲ್ಡನ್ ಒಂದು ಕೈಯಲ್ಲಿ ನನ್ನ ಭುಜ ಹಿಡಿದುಕೊಂಡು ಇನ್ನೊಂದು ಕೈ ಎತ್ತಿದಳು.

ಕೋಣೆ ಹೋಗುತ್ತದೆ ಅಂತ ಹೆದರಿದ್ದೆನಲ್ಲ, ಹೋಗಲಿಲ್ಲ. ದಿನಾ ಯಾರಾದರೂ ಕೇಕು ತಂದುಕೊಡುತ್ತಾರೆ. ಕೀಟಿಂಗ್ ಅಜ್ಜ ಬೇರೆಯವರಿಗೆ ಮನೆ ಕೊಟ್ಟ. ಡೊರೊತಿ ವಾರ್ಡಿನಲ್ಲಿ ನನ್ನ ಜೊತೆ ಮಾತಾಡುವುದಿಲ್ಲ. ಕೆಲಸದ ಮಾತಿದ್ದರೆ "ನರ್ಸ್" ಅನ್ನುತ್ತಾಳೆ. ಅವರು ಚಪ್ಪಾಳೆ ತಟ್ಟಿದರೆ ನಾನೇನು ಮಾಡಲಿ? ಬಸ್ಸಿಲ್ಲದ ಊರಿನಲ್ಲಿ ಈಗ ದಿನಾ ನಡೆದು ಬರುತ್ತೇನೆ.

ಭಾಗೀರಥಿ


ಔರಾದ ತಾಲೂಕಿನಿಂದ
೧೦ ಜೂನ್ ೧೯೭೩

ತಂಗೀ,

ಸಿಟ್ಟು ಬದಿಗಿಟ್ಟು ಬರೆಯುತ್ತಿದ್ದೇನೆ. ನಿನ್ನ ಪತ್ರ ಬಂದಾಗ ನಾನು ಬಾವಿಯಲ್ಲಿದ್ದೆ. ನಗಬೇಡ, ಖರೇ ಬಾವಿಯೊಳಗೆ.

ಮೇ ತಿಂಗಳಲ್ಲಿ ಊರ ದೊಡ್ಡ ಬಾವಿ ಪೂರ್ತಿ ಬತ್ತಿತು. ಹೂಳು ತೆಗೆದರೆ ಸೆಲೆ ಸಿಕ್ಕೀತು ಅಂತ ಪಾಟೀಲ ಹೇಳಿದ. ತೆಗೆಯುವವರು ಯಾರು? ನಾವೇ. ಆ ಬಾವಿಯ ನೀರು ಸೇದಬಾರದ ಕೈಗಳು ಅದರ ಕೆಸರು ಬಾಚಬಹುದು, ಇದು ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ಗಂಡಸರೆಲ್ಲ ಹೈದರಾಬಾದಿನಲ್ಲಿ. ನಾವು ಹೆಂಗಸರೇ ಇಳಿದೆವು. ಹುಟ್ಟಿದ ಮೇಲೆ ಮೊದಲ ಸಲ ಆ ಕಲ್ಲುಮೆಟ್ಟಿಲನ್ನು ಮೆಟ್ಟಿದೆ. ಬುಟ್ಟಿ ಬುಟ್ಟಿ ಕೆಸರು ಮೇಲೆ ಕಳಿಸಿದೆವು. ಒಂದು ಮಧ್ಯಾಹ್ನ ಪಾದಕ್ಕೆ ತಣ್ಣಗೆ ತಾಗಿತು. ಸೆಲೆ! ಕಲ್ಲಿನ ಸಂದಿಯಿಂದ ನೀರು ಬರುತ್ತಿತ್ತು. ನಾವು ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತೆವು.

ಮೇಲಿನಿಂದ ಪಾಟೀಲ ಕೂಗಿದ: "ಭೇಷ್, ಸಾಕಿನ್ನ. ಮ್ಯಾಲ ಬರ್ರಿ. ನೀರು ಮೈಲಿಗಿ ಆಗ್ತದ."

ನಾವು ಬಾಚಿದ ಕೆಸರು, ನಾವು ಕಂಡ ನೀರು. ನಾನು ಅಲ್ಲೇ ಕೂತುಬಿಟ್ಟೆ. "ನಾವು ಬರಾಂಗಿಲ್ರಿ. ಸೇದಾಕ ಬಿಡ್ತೀರಂದ್ರ ಬರ್ತೇವಿ," ಅಂದೆ. ಉಳಿದವರೂ ಕೂತರು. ನೀರು ಸೊಂಟಕ್ಕೆ ಬರುತ್ತಾ ಹೋಯಿತು. ಮೇಲಿನಿಂದ ಬೈದರು, ಕಲ್ಲು ಎಸೆದರು, ನನ್ನ ಹಣೆ ಒಡೆಯಿತು. ನೀನು ಹೆದರಬೇಡ, ಹೊಲಿಗೆ ಹಾಕಿದ್ದಾರೆ. ನಡುವೆ ಈರಮ್ಮ ಬುಟ್ಟಿಯಲ್ಲಿ ರೊಟ್ಟಿ ಇಳಿಬಿಟ್ಟು, "ಉಣ್ರಿ, ಉಂಡು ಜಗಳಾ ಮಾಡ್ರಿ," ಅಂದಳು. ಅವಳನ್ನು ಇನ್ನು ಬೈಯುವುದು ಕಷ್ಟವಾಯಿತು ನೋಡು.

ಸಂಜೆ ಔರಾದಿನಿಂದ ತಹಸೀಲದಾರರ ಜೀಪು ಬಂತು. ಬಾವಿಯ ಆ ಕಡೆಗೆ ನಮಗೆ ನೀರು ಸೇದಲು ಬೇರೆ ರಾಟೆಗಾಲಿ ಹಾಕಿಸಿದರು. ಬೇರೆ ಗಾಲಿ, ಬೇರೆ ಹಗ್ಗ. ಒಪ್ಪಿಕೊಂಡೆ, ಭಾಗೀರಥಿ. ಮಕ್ಕಳ ತುಟಿ ಒಡೆದಿತ್ತು. ಒಪ್ಪಿಕೊಂಡು ಸೇದಿದೆ, ಸಿಟ್ಟಿನಿಂದಲೇ ಸೇದುತ್ತಿದ್ದೇನೆ.

ಈಗ ನಿನ್ನ ವಿಷಯ. ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಅವರು ಚಪ್ಪಾಳೆ ತಟ್ಟಿದ್ದಕ್ಕೆ ಡೊರೊತಿ ನಿನ್ನ ಮೇಲೆ ಮುನಿಯುವುದಿಲ್ಲ, ಅಂಥವಳಲ್ಲ ಅಂತ ನಿನ್ನ ಬರಹದಿಂದಲೇ ತಿಳಿಯುತ್ತದೆ. ನೀನು ಯಾರು ಅಂತ ಹೇಳಿದ್ದನ್ನು ಬರೆದಿದ್ದೀ. ಅವರು ಅತ್ತದ್ದು, ಕೈ ಎತ್ತಿದ್ದು ಎಲ್ಲ ಬರೆದಿದ್ದೀ. ಡೊರೊತಿಗೆ ಮನೆ ಕೊಡಿರಿ ಎಂದು ಹೇಳಿದ್ದನ್ನು ಎಲ್ಲಿಯೂ ಬರೆದಿಲ್ಲ. ಹುಡುಕಿದೆ, ಸಿಗಲಿಲ್ಲ. ನಿನ್ನನ್ನು ಎತ್ತಿ ಆಡಿಸಿದವಳು ನಾನು. ಅವರು ಎದ್ದು ನಿಂತು ಚಪ್ಪಾಳೆ ತಟ್ಟುವಾಗ ನೀನು ಏನು ಮಾಡಿದೆ?

ನಿನ್ನ ಅಕ್ಕ ಸುಭದ್ರಾ


ಫೇರ್‌ಹೋಮ್ ದವಾಖಾನೆ
೮ ಜುಲೈ ೧೯೭೩

ಅಕ್ಕಾ,

ಕೈ ಮುಗಿದೆ.

ಎರಡೂ ಕೈ ಜೋಡಿಸಿ, ತಲೆ ಬಗ್ಗಿಸಿ, ಈ ಕಡೆಯವರಿಗೆ ಒಮ್ಮೆ, ಆ ಕಡೆಯವರಿಗೆ ಒಮ್ಮೆ ಮುಗಿದೆ. ಹುಟ್ಟಿದಾಗಿನಿಂದ ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಅಷ್ಟು ಜನ, ಬಿಳಿ ಜನ, ಗಂಡಸರು, ನನಗಾಗಿ ಎದ್ದು ನಿಂತಿದ್ದರು. ಒಳ್ಳೆಯದಾಗಿತ್ತು, ಅಕ್ಕ. ಎಷ್ಟು ಒಳ್ಳೆಯದಾಗಿತ್ತು ಎಂದರೆ ಮುಂದಿನ ಮಾತು ಮರೆಯಲಿಲ್ಲ, ಆಡಲು ಮನಸ್ಸಾಗಲಿಲ್ಲ. ಆಡಿದರೆ ಅವರು ಕೂತುಬಿಡುತ್ತಾರಲ್ಲ ಅನಿಸಿತು. ನಾನೇ ಕೂತೆ. ಡೊರೊತಿಯ ಹೆಸರು ನನ್ನ ಬಾಯಿಂದ ಬರಲೇ ಇಲ್ಲ. ಅವಳು ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು.

ನಿನ್ನ ಪತ್ರ ಬಂದ ದಿನವೇ ಮಿಸೆಸ್ ಹಾಲ್ಡನ್‌ಳ ಮನೆ ಬಿಟ್ಟೆ. ಮುದುಕಿ ಬಹಳ ಅತ್ತಳು, ಯಾಕೆ ಎಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ಈಗ ದವಾಖಾನೆಯಲ್ಲಿ ನರ್ಸುಗಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಮಲಗುತ್ತೇನೆ, ಒಂದು ವಾರಕ್ಕೆ ಒಪ್ಪಿಗೆ ಸಿಕ್ಕಿದೆ.

ಭಾನುವಾರ ವಾರ್ಡಿನ ಒಬ್ಬಳ ಕಾರಿನಲ್ಲಿ ಶಹರಕ್ಕೆ ಹೋಗಿ ಡೊರೊತಿಯ ಮನೆಯ ಬಾಗಿಲು ತಟ್ಟಿದೆ. ಅವಳು ತೆರೆದಳು, ಒಳಗೆ ಕರೆಯಲಿಲ್ಲ. ಹಿಂದೆ ಕುರ್ಚಿಯಲ್ಲಿ ಅವಳ ಅಪ್ಪ ಕೂತಿದ್ದ, ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದ. ತಪ್ಪಾಯಿತು ಅಂದೆ. ಏನು ಹೇಳಬೇಕೋ ತಿಳಿಯದೆ ನಿನ್ನ ಸುದ್ದಿ ಹೇಳಿದೆ. ಬಾವಿ, ಕೆಸರು, ಮೇಲೆ ಬರ್ರಿ ಅಂದದ್ದು, ನೀನು ಬರುವುದಿಲ್ಲ ಅಂತ ಕೂತದ್ದು, ಹಣೆಯ ಹೊಲಿಗೆ, ಬೇರೆ ಗಾಲಿ. ಕೊನೆಯ ತನಕ ಬಾಗಿಲು ಹಿಡಿದುಕೊಂಡು ಕೇಳಿದಳು. ಮುದುಕನೂ ಕೇಳಿದ.

ಆಮೇಲೆ ಡೊರೊತಿ ಅಂದಳು, "ನಿಮ್ಮ ದೇಶದವರು ನಿನ್ನ ಕಳಿಸಿ ತಪ್ಪು ಮಾಡ್ಯಾರ, ಭಾಗೀ. ಕಳಸೋದಿತ್ತು ನಿಮ್ಮಕ್ಕನ್ನ."

ಬಾಗಿಲು ಹಾಕಿಕೊಂಡಳು, ಜೋರಾಗಿ ಅಲ್ಲ, ಮೆಲ್ಲಗೆ.

ಅವಳು ಅಂದದ್ದು ಸರಿ, ಅಕ್ಕ.

ಭಾಗೀರಥಿ